ಮಡ್ಡಿಯಿಂದ ದಡ್ಡಿಗೆ: ಸಾವಳಗಿ ಸೀಮೆಯ ಆಡಿನ ಹಾಲಿನ ಚರಿತ್ರೆ

ಜಮಖಂಡಿಯಿಂದ ಕೃಷ್ಣೆ ದಾಟಿ ಬಡಗ ದಿಕ್ಕಿಗೆ ಬಂದವರಿಗೆ ಈಗ ಸಾವಳಗಿಯ ಸುತ್ತ ಕಾಣುವುದು ಕಬ್ಬು, ದ್ರಾಕ್ಷಿ ಪಡ, ಒಣದ್ರಾಕ್ಷಿ ಮಾಡುವ ಶೆಡ್ಡು. ನಲವತ್ತು ವರ್ಷದ ಹಿಂದೆ ಇಷ್ಟು ಹಸಿರು ಇರಲಿಲ್ಲ. ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ. ಎರಿ ಮುಗಿದಲ್ಲಿ ಗರಸು ನೆಲದ ಮಡ್ಡಿ. ಮಡ್ಡಿಯ ಮೇಲೆ ಜಾಲಿ, ಬಾರಿ, ಕಾರಿ, ಬನ್ನಿ, ಬೇವು. ಆಕಳು ಮೂಸಿ ಬಿಡುವ ಆ ಮುಳ್ಳುಕಂಟಿಯನ್ನು ತಿಂದು ಮನೆಗೆ ಹಾಲು ತರುತ್ತಿದ್ದದ್ದು ಆಡು.

ಈ ಸೀಮೆಯ ಚರಿತ್ರೆ ಬರೆದವರು ಜಮಖಂಡಿಯ ಪಟವರ್ಧನರನ್ನು ಬರೆದಿದ್ದಾರೆ, ಮುಧೋಳದ ಘೋರ್ಪಡೆಯವರನ್ನು ಬರೆದಿದ್ದಾರೆ, ರಬಕವಿ-ಬನಹಟ್ಟಿಯ ಮಗ್ಗಗಳನ್ನು ಬರೆದಿದ್ದಾರೆ. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ಬಂತು. ಆಡಿನ ಹಾಲಿನ ಬಗ್ಗೆ ಮಾತ್ರ ಬರಹವಿಲ್ಲ. ಅದು ಹೊಲವಿಲ್ಲದವರ ಮನೆಯ ದುಡಿಮೆ, ಅದರಲ್ಲೂ ಹೆಂಗಸರ ದುಡಿಮೆ. ಅದಕ್ಕೆ ಖಾತೆ ಇರಲಿಲ್ಲ, ಉತಾರ ಇರಲಿಲ್ಲ, ರಸೀದಿ ಇರಲಿಲ್ಲ. ನಾನು ಆಡು ಸಾಕಿ ಹಾಲು ಮಾರುವವಳು. ನನಗೆ ಈ ಕಸುಬು ಬಂದದ್ದು ನಮ್ಮ ಅತ್ತೆಯವರಿಂದ, ಅವರಿಗೆ ಅವರ ಅವ್ವನಿಂದ. ಕಾಗದದಲ್ಲಿ ಇಲ್ಲದ ಈ ಚರಿತ್ರೆ ನಮ್ಮ ದಿನದ ಕೆಲಸದಲ್ಲಿ ಉಳಿದಿದೆ. ಯಾವ ಹೊತ್ತಿಗೆ ಹಿಂಡಬೇಕು, ಎಷ್ಟು ಹೊತ್ತಿಗೆ ಆಡು ಕೂಡುವ ದಡ್ಡಿಯ ಬಾಗಿಲು ತೆಗೆಯಬೇಕು, ಯಾವ ಹೊಲಕ್ಕೆ ಬಿಡಬಾರದು, ಈ ಒಂದೊಂದು ರೂಢಿಯ ಹಿಂದೆಯೂ ಯಾವುದೋ ಒಂದು ಕಾಲದ ಬರ, ಬೇನೆ, ಕಾಯ್ದೆ ಇದೆ.

ಆಡು ಮನುಷ್ಯನ ಜೊತೆಗಾದದ್ದು ಸುಮಾರು ಹತ್ತು ಸಾವಿರ ವರ್ಷದ ಹಿಂದೆ, ಇರಾನಿನ ಝಾಗ್ರೋಸ್ ಬೆಟ್ಟಗಳ ಕಡೆ. ನಮ್ಮ ಕೃಷ್ಣೆಯ ಬಯಲಿಗೂ ಅದು ಹಳೆಯ ಒಡನಾಡಿ. ನಮ್ಮ ನೆರೆಯ ತೇರದಾಳದಲ್ಲಿ ನವಶಿಲಾಯುಗದ ನೆಲೆಯಿದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಅಗೆದು ತೆಗೆದ ಬೂದಿದಿಬ್ಬದಲ್ಲಿ ದನ ಕೂಡುತ್ತಿದ್ದ ದೊಡ್ಡಿಯ ಗುರುತೇ ಸಿಕ್ಕಿತು. ಸಗಣಿ ಒಟ್ಟಿ ಸುಟ್ಟು ಸುಟ್ಟು ಆದ ದಿಬ್ಬಗಳವು. ಆ ಕಾಲದ ನೆಲೆಗಳಲ್ಲಿ ದನದ ಎಲುಬೇ ಹೆಚ್ಚು, ಅದರ ಜೊತೆ ಆಡು-ಕುರಿಯ ಎಲುಬೂ ಇದೆ. ಅಂದರೆ ನಾಲ್ಕು ಸಾವಿರ ವರ್ಷದ ಹಿಂದೆಯೂ ಈ ನೆಲದಲ್ಲಿ ಯಾರೋ ನಸುಕಿನಲ್ಲಿ ಎದ್ದು ದಡ್ಡಿ ಬಳಿದಿದ್ದಾರೆ.

ಇತ್ತೀಚಿನ ಕಾಲಕ್ಕೆ ಬಂದರೆ, ಜಮಖಂಡಿ ಸಂಸ್ಥಾನ 1811ರಿಂದ ಪಟವರ್ಧನರ ಆಳ್ವಿಕೆಯಲ್ಲಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬಿಜಾಪುರ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ನಾವು ಬಾಗಲಕೋಟೆ ಜಿಲ್ಲೆಯವರಾದೆವು. ಆಳುವವರು ಬದಲಾದರೂ ಆಡಿಗೆ ಬೇಕಾದದ್ದು ಒಂದೇ ಇತ್ತು: ಊರಿನ ಗಾಯರಾಣ. ಮಡ್ಡಿ, ಹಳ್ಳದ ದಂಡೆ, ದಾರಿಯ ಅಂಚು, ಕೊಯ್ಲಾದ ಹೊಲ, ಇವೆಲ್ಲ ಸೇರಿ ಹೊಲವಿಲ್ಲದವರ ಹೊಲ. ಪಕ್ಕದ ಮುಂಬಯಿ ಪ್ರಾಂತದಲ್ಲಿ 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಯ್ದಿಟ್ಟ ಅಡವಿಗೆ ಆಡು ಹೊಕ್ಕರೆ ದಂಡ ಬೀಳತೊಡಗಿತು. ಸರ್ಕಾರದ ಕಣ್ಣಿಗೆ ಆಡು ಗಿಡ ಹಾಳು ಮಾಡುವ ಪ್ರಾಣಿ. ಬಡವರ ಕಣ್ಣಿಗೆ ಅದೇ ಬಡವರ ಆಕಳು.

ಬಡವರ ನೋಟ ಎಷ್ಟು ಖರೆ ಎಂಬುದನ್ನು ಬರಗಳು ತೋರಿಸಿದವು. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಪಾಲು ಕಡಿಮೆಯಾಯಿತು. ದನಕ್ಕೆ ಬೇಕಾದ ಕಣಕಿ ಇಲ್ಲವಾದಾಗ ಎತ್ತು-ಆಕಳು ಮೊದಲು ಹೋಗುತ್ತವೆ. ಬಾರಿ ಗಿಡದ ತೊಗಟೆ, ಜಾಲಿಯ ಉದುರಿದ ಕಾಯಿ, ಬೇವಿನ ಒಣ ಎಲೆ ತಿಂದು ಆಡು ಇನ್ನಷ್ಟು ದಿನ ನಿಲ್ಲುತ್ತದೆ. ಐದೇ ತಿಂಗಳಿಗೆ ಈಯುತ್ತದೆ, ಹಲವು ಸಲ ಎರಡು ಮರಿ ಹಾಕುತ್ತದೆ. ಬರ ಮುಗಿದ ಮೇಲೆ ಎತ್ತು ಕೊಳ್ಳುವಷ್ಟು ದುಡ್ಡು ಮಾಡಲು ವರ್ಷಗಳು ಬೇಕು, ಆಡಿನ ಹಿಂಡು ಕಟ್ಟಲು ಒಂದೆರಡು ಮಳೆಗಾಲ ಸಾಕು. ನಮ್ಮ ಅತ್ತೆ ಕಂಡ ಬರ 1972ರದ್ದು. ಆ ವರ್ಷ ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲದ ದಿನವೂ ಕೂಸಿನ ಬಾಯಿಗೆ ಹಾಕಲು ಅರ್ಧ ತಂಬಿಗೆ ಹಾಲು ಇತ್ತೆಂದು ಅವರು ಹೇಳುತ್ತಿದ್ದರು.

ಬಂಡವಾಳ ಇಲ್ಲದವರು ಆಡು ಕಟ್ಟಿದ್ದು ಪಾಲಿನ ಪದ್ಧತಿಯಿಂದ. ಇದ್ದವರು ಹೆಣ್ಣು ಮರಿಯೊಂದನ್ನು ಇಲ್ಲದವರ ಮನೆಗೆ ಪಾಲಿಗೆ ಹಾಕುತ್ತಿದ್ದರು. ಮೇಯಿಸುವುದು, ಕಾಯುವುದು, ಬೇನೆ ಬಂದರೆ ನೋಡುವುದು ಸಾಕುವವರ ಪಾಲಿಗೆ. ಹಾಲು ಪೂರ್ತಿ ಸಾಕುವವರದು. ಹುಟ್ಟಿದ ಮರಿಯಲ್ಲಿ ಅರ್ಧ ಒಡೆಯರದು, ಅರ್ಧ ಸಾಕಿದವರದು. ಒಂಟಿ ಮರಿ ಹುಟ್ಟಿದರೆ ಮುಂದಿನ ಸೂಲಿಗೆ ಲೆಕ್ಕ ಸರಿ ಮಾಡುತ್ತಿದ್ದರು. ಇದಕ್ಕೆ ಕಾಗದ ಬೇಕಿರಲಿಲ್ಲ. ಗಂಡ ತೀರಿಕೊಂಡ ಹೆಣ್ಣುಮಕ್ಕಳು ಎಷ್ಟೋ ಮಂದಿ ಈ ಒಂದು ಪಾಲಿನ ಆಡಿನಿಂದ ಮನೆ ನಿಲ್ಲಿಸಿಕೊಂಡರು. ನಮ್ಮ ಅತ್ತೆಯವರ ಹಿಂಡು ಶುರುವಾದದ್ದೂ ಹೀಗೆಯೇ. ಹೋತದ ಮರಿ ಬೆಳೆದರೆ ಅಮೀನಗಡ, ಕೆರೂರಿನಂಥ ಸಂತೆಗೆ ಹೋಗುತ್ತಿತ್ತು. ಹೆಣ್ಣು ಮರಿ ಮನೆಯಲ್ಲಿ ಉಳಿಯುತ್ತಿತ್ತು. ಹಾಲಿಗೆ ಬೆಲೆ ಕಟ್ಟುವವರು ಕಡಿಮೆ ಇದ್ದರು. ಅದು ಕೂಸಿಗೆ, ಬಾಣಂತಿಗೆ, ಮುದುಕರಿಗೆ, ಚಾಕ್ಕೆ. ನೇಕಾರರ ಓಣಿಗಳಲ್ಲಿ ಮಗ್ಗದ ಮನೆಯ ಹೊರಗೆ ಒಂದೇ ಒಂದು ಆಡು ಕಟ್ಟಿರುತ್ತಿತ್ತು. ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತ ನೇಕಾರನಿಗೆ ಮಡ್ಡಿಗೆ ಹೋಗಲು ಪುರಸೊತ್ತಿಲ್ಲ, ಎಮ್ಮೆ ಕಟ್ಟಲು ಜಾಗವಿಲ್ಲ, ಆದರೆ ಒಂದು ಆಡಿಗೆ ರೊಟ್ಟಿಯ ತುಣುಕು, ಕಾಯಿಪಲ್ಲೆಯ ಸಿಪ್ಪೆ, ಒಂದು ಹಿಡಿ ಸೊಪ್ಪು ಸಾಕು.

ಅತ್ತೆಯವರ ದಿನ ನಸುಕಿನಲ್ಲಿ ಶುರುವಾಗುತ್ತಿತ್ತು. ಮೊದಲು ನೋಡುತ್ತಿದ್ದದ್ದು ಮರಿ ಮುಚ್ಚಿದ ದೊಡ್ಡ ಬುಟ್ಟಿಯ ಮೇಲಿನ ಕಲ್ಲು. ಕಲ್ಲು ಜರುಗಿದ್ದರೆ ರಾತ್ರಿ ತೋಳವೋ ನರಿಯೋ ಬಂದು ಹೋದದ್ದು ಖಾತ್ರಿ. ಆಮೇಲೆ ಮರಿಯನ್ನು ಒಂದು ಗಳಿಗೆ ತಾಯಿಗೆ ಬಿಟ್ಟು ತೊರೆ ಬಿಡಿಸುತ್ತಿದ್ದರು. ಆಡಿಗೆ ಮೊಲೆ ಎರಡೇ. ಒಂದನ್ನು ಮರಿಗೆ ಬಿಟ್ಟು ಇನ್ನೊಂದನ್ನು ಹಿಂಡುವುದು. "ಮರೀದು ಒಂದು, ಮನೀದು ಒಂದು. ಎರಡೂ ಹಿಂಡಿದ್ರ ಮುಂದಿನ ವರ್ಷದ ಹಾಲ ಈ ವರ್ಷಾನ ಕುಡದಂಗ ನೋಡವಾ," ಎನ್ನುತ್ತಿದ್ದರು. ಮೊದಲ ಎರಡು ಸೆಳಕು ಹಾಲು ನೆಲಕ್ಕೆ. ನೆಲಕ್ಕೆ ಬಿದ್ದ ಆ ಹಾಲನ್ನು ಬಗ್ಗಿ ನೋಡುತ್ತಿದ್ದರು. ಗರಣೆ ಕಂಡರೆ, ನೀರಾಗಿದ್ದರೆ, ಕೆಂಪಗಿದ್ದರೆ ಆ ಆಡಿನ ಕೆಚ್ಚಲಿಗೆ ಬೇನೆ ಬಂದಿದೆ ಎಂದು ಗೊತ್ತಾಗುತ್ತಿತ್ತು. ಆ ಹಾಲು ತಂಬಿಗೆಗೆ ಬೀಳುತ್ತಿರಲಿಲ್ಲ. ಇವತ್ತು ಪಶುವೈದ್ಯರು ಹೇಳಿಕೊಡುವ ಕೆಚ್ಚಲು ಬಾವಿನ ಮೊದಲ ಪರೀಕ್ಷೆಯೂ ಇದೇ.

ಹೊತ್ತು ಹುಟ್ಟಿದ ಕೂಡಲೇ ಆಡನ್ನು ಬಿಡುತ್ತಿರಲಿಲ್ಲ. ಇಬ್ಬನಿ ಆರಬೇಕು. ತೊಯ್ದ ಹುಲ್ಲಿನ ತುದಿಗೆ ಜಂತಿನ ಮರಿಗಳು ಏರಿ ಕೂತಿರುತ್ತವೆ ಎಂಬ ಶಾಸ್ತ್ರ ಅತ್ತೆಯವರಿಗೆ ಗೊತ್ತಿರಲಿಲ್ಲ, ಇಬ್ಬನಿ ಹುಲ್ಲು ತಿಂದ ಆಡು ಸೊರಗುತ್ತದೆ ಎಂಬುದು ಗೊತ್ತಿತ್ತು. ಬಿಸಿಲು ಬಿದ್ದ ಮೇಲೆ ಓಣಿಯ ಆಡುಗಳೆಲ್ಲ ಒಂದಾಗಿ ಮಡ್ಡಿಯ ಕಡೆ ಹೊರಡುತ್ತಿದ್ದವು. ಕಾಯುವ ಹುಡುಗನ ಕೈಯಲ್ಲಿ ದೋಟಿ, ಹೆಗಲಿಗೆ ರೊಟ್ಟಿಯ ಗಂಟು. ಮರಿ ಜೊತೆ ಹೋಗುವ ದಿನ ತಾಯಿಯ ಕೆಚ್ಚಲಿಗೆ ಅರಿವೆಯ ಚೀಲ ಕಟ್ಟುತ್ತಿದ್ದರು, ಇಲ್ಲದಿದ್ದರೆ ಸಂಜೆಗೆ ಹಾಲು ಉಳಿಯುತ್ತಿರಲಿಲ್ಲ. ಒಂದು ಕಟ್ಟಪ್ಪಣೆ ಇತ್ತು: ಮಳೆ ಕೈಕೊಟ್ಟು ಬಾಡಿದ ಜೋಳದ ಹೊಲಕ್ಕೆ, ಕೊಯ್ದ ಜೋಳದ ಕುಳೆ ಚಿಗುರಿದ ಹೊಲಕ್ಕೆ ಆಡು ಬಿಡಬಾರದು. ಎಳೆ ಜೋಳದಲ್ಲಿ ವಿಷ ಏರಿರುತ್ತದೆ. ತಿಂದ ಆಡು ಗಳಿಗೆಯೊಳಗೆ ನೆಲಕ್ಕೆ ಬೀಳುತ್ತದೆ. ಸೈನೈಡ್ ಎಂಬ ಹೆಸರು ಪುಸ್ತಕದಿಂದ ಬಂತು. ಕುಳೆಗೆ ಹೆದರುವ ಬುದ್ಧಿ ಅದಕ್ಕಿಂತ ಬಹಳ ಹಿಂದೆಯೇ ಇತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂಡು ಅಗಸಿಯೊಳಗೆ ಬರುತ್ತಲೇ ಒಂದೊಂದು ಆಡೂ ತನ್ನ ಮನೆ ಹಿಡಿದು ನಡೆಯುತ್ತಿತ್ತು. ಎರಡನೆಯ ಹಿಂಡುವಿಕೆ, ಹಾಲನ್ನು ಅರಿವೆಯಲ್ಲಿ ಸೋಸುವುದು, ಗಡಿಗೆಯಲ್ಲಿ ಕಾಯಿಸುವುದು. ಹೋತವನ್ನು ಮಾತ್ರ ದಡ್ಡಿಯ ಆಚೆ ಮೂಲೆಗೆ ಕಟ್ಟುತ್ತಿದ್ದರು, ಅದರ ಮೈಯ ವಾಸನೆ ಹಾಲಿಗೆ ಹತ್ತುತ್ತದೆ. ಆಡಿನ ಹಾಲು ನಾರುತ್ತದೆ ಎನ್ನುವವರು ಹೋತದ ಪಕ್ಕದಲ್ಲಿ ಹಿಂಡಿದ ಹಾಲು ಕುಡಿದವರು. ದೂರ ಕಟ್ಟಿ, ಕೈ ತೊಳೆದು, ಹಿಂಡಿದ ಕೂಡಲೇ ಸೋಸಿದರೆ ಆ ವಾಸನೆ ಇರುವುದಿಲ್ಲ. ದೀಪಾವಳಿಯಲ್ಲಿ ಸಗಣಿಯಿಂದ ಮಾಡಿದ ಹಟ್ಟೆವ್ವನ ಮುಂದೆ ಇದ್ದವರ ಮನೆಯಲ್ಲಿ ಎಮ್ಮೆಯ ಹಾಲು ಇಟ್ಟರೆ ನಮ್ಮ ಮನೆಯಲ್ಲಿ ಆಡಿನ ಹಾಲು ಇಡುತ್ತಿದ್ದರು.

ಹಾಲು ಕಾಯಿಸುವ ರೂಢಿಯನ್ನು ನಾನು ತುಂಬ ದೊಡ್ಡದೆಂದು ತಿಳಿಯುತ್ತೇನೆ. ಅದಕ್ಕೆ ಮಾಲ್ಟಾ ದ್ವೀಪದ ಕಥೆಯೇ ಸಾಕ್ಷಿ. ಅಲ್ಲಿ ಬ್ರಿಟಿಷ್ ಸಿಪಾಯಿಗಳು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರದಲ್ಲಿ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಆ ಜ್ವರದ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿತ್ ಅದನ್ನು ಆಡಿನ ಹಾಲಿನಲ್ಲಿ ಗುರುತಿಸಿದರು. ಮರುವರ್ಷ ಪಡೆಗೆ ಹಸಿ ಹಾಲು ನಿಲ್ಲಿಸಿದರು, ಜ್ವರವೂ ಇಳಿಯಿತು. ನಾವು ಇಂದು ಬ್ರುಸೆಲ್ಲೋಸಿಸ್ ಎಂದು ಕರೆಯುವ ಬೇನೆ ಇದೇ. ಇದು ಆಡಿನಲ್ಲಿ ಗಬ್ಬ ಕಳಚುತ್ತದೆ, ಮನುಷ್ಯರಲ್ಲಿ ಜ್ವರ, ಕೀಲುನೋವು ತರುತ್ತದೆ. ಚಾಕ್ಕೆ ಹಾಕಿ ಕುದಿಸುವ, ಗಡಿಗೆಯಲ್ಲಿ ಉಕ್ಕಿಸುವ ನಮ್ಮ ಅಡುಗೆಮನೆಯ ರೂಢಿ ತಲೆಮಾರುಗಳನ್ನು ಕಾದಿದೆ. ಹಸಿ ಆಡಿನ ಹಾಲೇ ಔಷಧ ಎಂದು ಕೇಳಿಕೊಂಡು ಬರುವವರಿಗೆ ನಾನು ಈ ಕಥೆ ಹೇಳಿಯೇ ಹಾಲು ಕೊಡುತ್ತೇನೆ.

ಆಡಿನ ಹಾಲಿಗೆ ಹೆಸರು ಬಂದದ್ದು 1919ರಲ್ಲಿ. ಗಾಂಧೀಜಿ ಕಾಯಿಲೆಯಿಂದ ತೀರಾ ಸೊರಗಿದ್ದರು. ಹಾಲು ಕುಡಿಯುವುದಿಲ್ಲ ಎಂದು ವ್ರತ ಹಿಡಿದಿದ್ದರು. ಆ ವ್ರತ ಹಿಡಿಯುವಾಗ ಮನಸ್ಸಿನಲ್ಲಿದ್ದದ್ದು ಆಕಳು-ಎಮ್ಮೆಯ ಹಾಲು, ಆಡಿನ ಹಾಲಿಗೆ ಅಡ್ಡಿಯಿಲ್ಲ ಎಂದು ದಾರಿ ತೋರಿಸಿದವರು ಕಸ್ತೂರಬಾ. ಅಲ್ಲಿಂದ ಮುಂದೆ ಗಾಂಧೀಜಿ ಹೋದಲ್ಲೆಲ್ಲ ಆಡಿನ ಹಾಲಿನ ವ್ಯವಸ್ಥೆ ಆಗಬೇಕಿತ್ತು. 1924ರ ಡಿಸೆಂಬರಿನಲ್ಲಿ ಅವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಪಕ್ಕದ ಬೆಳಗಾವಿಯಲ್ಲಿ. ನಮ್ಮ ಅತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಗಾಂಧಿ ಮಹಾತ್ಮ ಕುಡಿದದ್ದು ನಮ್ಮ ಆಡಿನ ಹಾಲು ಎಂಬ ಮಾತನ್ನು ಅವರು ಮೊಮ್ಮಕ್ಕಳಿಗೆಲ್ಲ ಹೇಳಿದ್ದಾರೆ. ಕಸ್ತೂರಬಾ ಅವರ ಆ ಮಾತಿನಲ್ಲಿ ನನಗೆ ಕಾಣುವುದು ಮನೆ ನಡೆಸುವ ಹೆಣ್ಣುಮಗಳ ವಿವೇಕ. ಆಡಿನ ಹಾಲನ್ನು ಈ ನಾಡಿನಲ್ಲಿ ಉಳಿಸಿದ್ದೂ ಆ ವಿವೇಕವೇ.

ನಮ್ಮ ಸೀಮೆಯ ದಿನಚರಿ ಬದಲಾದದ್ದು ನೀರಿನಿಂದ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮ ದುಡ್ಡು, ತಮ್ಮ ಬೆವರು ಹಾಕಿ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಸರ್ಕಾರಕ್ಕೆ ಕಾದು ಕೂಡದೆ ಜನ ಕಟ್ಟಿದ ಆ ಒಡ್ಡಿನ ಬಗ್ಗೆ ಇಲ್ಲಿಯ ಪ್ರತಿಯೊಬ್ಬರಿಗೂ ಅಭಿಮಾನವಿದೆ, ನನಗೂ ಇದೆ. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು. ಪೈಪುಗಳು ಎರಿಗೆ ಬಂದವು, ಮುಂದೆ ತುಬಚಿ-ಬಬಲೇಶ್ವರ ಏತ ನೀರಾವರಿಯೂ ಬಂತು. ಕಬ್ಬು ಬಂತು, ದ್ರಾಕ್ಷಿ ಬಂತು, ಊರಿಗೆ ದುಡ್ಡು ಬಂತು.

ಆ ನೀರಿನ ಜೊತೆಗೇ ಮಡ್ಡಿ ಕರಗಿತು. ಗರಸು ನೆಲವನ್ನು ಜೆಸಿಬಿ ಹಚ್ಚಿ ಸಮ ಮಾಡಿ, ಎರಿ ಮಣ್ಣು ಹೇರಿ, ದ್ರಾಕ್ಷಿ ಹಚ್ಚಿದರು. ಬದುವಿನ ಜಾಲಿ ಹೋಯಿತು, ಗಾಯರಾಣದ ಅಂಚು ಒಳಕ್ಕೆ ಸರಿಯಿತು. ಮೊದಲು ವರ್ಷದಲ್ಲಿ ಕೆಲವು ತಿಂಗಳು ಹೊಲ ಖಾಲಿ ಇರುತ್ತಿತ್ತು. ಕುರುಬರು ಹಿಂಡು ತರುಬಿ ಗೊಬ್ಬರ ಕೊಡುತ್ತಿದ್ದರು, ನಮ್ಮ ಆಡುಗಳಿಗೂ ಚಿಗುರದ ಒಣ ಕುಳೆಯಲ್ಲಿ ಮೇವು ಸಿಗುತ್ತಿತ್ತು. ಕಬ್ಬು ವರ್ಷವಿಡೀ ನಿಲ್ಲುವ ಪೀಕು, ಅದರಲ್ಲಿ ಆಡಿಗೆ ತೆರಪಿಲ್ಲ. ದ್ರಾಕ್ಷಿಯ ಎಲೆ ಆಡಿಗೆ ಬಲು ಪ್ರೀತಿ. ಆದರೆ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವಾಗ, ಕತ್ತರಿಸಿ ಒಗೆದ ಎಲೆಯ ಮೇಲೆ ಔಷಧ ಹೊಡೆದಿರುತ್ತಾರೆ. ಅದನ್ನು ತಿಂದ ಆಡಿನ ಹಾಲನ್ನು ನಾನು ಯಾವ ಕೂಸಿಗೆ ಕೊಡಲಿ? ಆಡು ಕಾಯುತ್ತಿದ್ದ ಹುಡುಗರು ಶಾಲೆಗೆ ಹೋದರು. ಅದು ಬಹಳ ಒಳ್ಳೆಯದಾಯಿತು. ಅವರ ಕಾಲು ಮಾಡುತ್ತಿದ್ದ ಕೆಲಸ ಮನೆಯ ಹೆಂಗಸಿನ ಕೈಗೆ ಬಂತು. ಮೊದಲು ಆಡು ಮೇವಿನ ಹತ್ತಿರ ಹೋಗುತ್ತಿತ್ತು, ಈಗ ಮೇವು ಆಡಿನ ಹತ್ತಿರ ಬರಬೇಕು.

ಈಗ ನನ್ನ ದಡ್ಡಿಯಲ್ಲಿ ನೆಲದಿಂದ ಎತ್ತರಕ್ಕೆ ಪಟ್ಟಿ ಹೊಡೆದ ಅಟ್ಟಣಿಗೆ ಇದೆ. ಹಿಕ್ಕಿ ಸಂದಿಯಿಂದ ಕೆಳಗೆ ಬೀಳುತ್ತದೆ, ಆಡಿನ ಕಾಲು ಒಣಗಿರುತ್ತದೆ. ಐದೂವರೆಗೆ ಎದ್ದು ಬಿಸಿನೀರಿನಲ್ಲಿ ಕೆಚ್ಚಲು ತೊಳೆದು, ಮೊದಲ ಸೆಳಕನ್ನು ಕರಿ ತಟ್ಟೆಗೆ ಹಿಂಡಿ ನೋಡಿ, ಆಮೇಲೆ ಸ್ಟೀಲಿನ ಪಾತ್ರೆಗೆ ಹಿಂಡುತ್ತೇನೆ. ನಮ್ಮವು ಹೆಚ್ಚಾಗಿ ಉಸ್ಮಾನಾಬಾದಿ ತಳಿಯ ಕರಿ ಆಡುಗಳು, ಹೊತ್ತೊಂದಕ್ಕೆ ಅರ್ಧ ಲೀಟರ್ ಕೊಟ್ಟರೆ ಅದು ಒಳ್ಳೆಯ ಆಡು. ಬೆಳಿಗ್ಗೆ ತೊಗರಿ ಹೊಟ್ಟು, ಕಡಲೆ ಹೊಟ್ಟು. ಬಿಸಿಲೇರಿದ ಮೇಲೆ ಬದುವಿನ ಸುಬಾಬುಲ್, ನುಗ್ಗೆ, ಅಗಸೆ ಸೊಪ್ಪನ್ನು ಕಟ್ಟು ಕಟ್ಟಿ ಮೇಲೆ ತೂಗುಹಾಕುತ್ತೇನೆ. ಆಡು ತಲೆ ಎತ್ತಿ ಚಿವುಟಿ ತಿನ್ನುವ ಜಾತಿ. ನೆಲಕ್ಕೆ ಹಾಕಿದ್ದನ್ನು ತುಳಿದರೆ ಮತ್ತೆ ಬಾಯಿ ಹಚ್ಚುವುದಿಲ್ಲ. ಹಾಲು ಕೊಡುವ ಆಡಿಗೆ ಗೋವಿನಜೋಳದ ನುಚ್ಚು, ಹಿಂಡಿ ಪಾವು ಕಿಲೋದಷ್ಟು.

ಮಡ್ಡಿ ತಾನೇ ಮಾಡುತ್ತಿದ್ದ ಕೆಲಸಗಳು ಈಗ ನನ್ನ ಪಾಲಿಗೆ ಬಂದಿವೆ. ಕಲ್ಲಿನ ಮೇಲೆ ನಡೆದು ಗೊರಸು ಸವೆಯುತ್ತಿತ್ತು, ಈಗ ಕತ್ತರಿ ಹಿಡಿದು ನಾನೇ ಕತ್ತರಿಸಬೇಕು. ಹತ್ತು ನಮೂನೆಯ ಗಿಡ ತಿಂದು ಖನಿಜ ಸಿಗುತ್ತಿತ್ತು, ಈಗ ನೆಕ್ಕುವ ಇಟ್ಟಂಗಿ ಕಟ್ಟಬೇಕು. ದೂರ ದೂರ ಮೇಯುವಾಗ ಬೇನೆ ಹಬ್ಬುವುದು ನಿಧಾನ, ಒಂದೇ ದಡ್ಡಿಯಲ್ಲಿ ವೇಗ. ನಮ್ಮ ದೇಶದಲ್ಲಿ ಮೊದಲು 1987ರಲ್ಲಿ ತಮಿಳುನಾಡಿನಲ್ಲಿ ಗುರುತಿಸಿದ ಪಿಪಿಆರ್ ಬೇನೆ ದೇಶವನ್ನೆಲ್ಲ ಸುತ್ತಿತು. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ ವಾರದೊಳಗೆ ಹಿಂಡು ಖಾಲಿಯಾಗುತ್ತದೆ. ನಮ್ಮ ದೇಶದವರೇ ತಯಾರಿಸಿದ ಲಸಿಕೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಅತ್ತೆಯವರ ಕಾಲದಲ್ಲಿ ಇಲ್ಲದ ಈ ಬಲ ನಮಗಿದೆ, ಅದಕ್ಕೆ ನಾನು ಕೃತಜ್ಞಳು.

ಇಷ್ಟೆಲ್ಲ ಬದಲಾದರೂ ಲೆಕ್ಕದ ಪುಸ್ತಕ ಬದಲಾಗಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಆಡುಗಳು 14.8 ಕೋಟಿ ದಾಟಿವೆ. ಜಗತ್ತಿನಲ್ಲಿ ಅತಿ ಹೆಚ್ಚು ಆಡಿನ ಹಾಲು ಆಗುವುದು ಭಾರತದಲ್ಲಿ. ಆದರೆ ನಮ್ಮ ಕಡೆಯ ಹಾಲಿನ ಡೈರಿಯಲ್ಲಿ ಆಕಳ ಹಾಲಿಗೆ, ಎಮ್ಮೆ ಹಾಲಿಗೆ ಕ್ಯಾನು ಇದೆ, ಆಡಿನ ಹಾಲಿಗಿಲ್ಲ. ಡೆಂಗಿ ಜ್ವರ ಹಬ್ಬಿದ ತಿಂಗಳು ಪ್ಲೇಟ್‌ಲೆಟ್ ಏರಿಸುತ್ತದೆಂದು ಹುಡುಕಿಕೊಂಡು ಬಂದು ಹೇಳಿದ ಬೆಲೆ ಕೊಡುತ್ತಾರೆ. ಆ ನಂಬಿಕೆಗೆ ವೈದ್ಯಕೀಯದ ಗಟ್ಟಿ ಆಧಾರವಿಲ್ಲ. ಮೊದಲು ದವಾಖಾನೆಗೆ ಹೋಗಿ, ಹಾಲನ್ನು ಕಾಯಿಸಿಯೇ ಕುಡಿಸಿ ಎಂದು ಹೇಳಿ ಕಳಿಸುತ್ತೇನೆ. ಜ್ವರದ ಹೆದರಿಕೆಯ ಮೇಲೆ ನಿಂತ ಬೆಲೆ ನನಗೆ ಬೇಡ. ವರ್ಷವಿಡೀ ನಿಲ್ಲುವ ನ್ಯಾಯದ ಬೆಲೆ ಬೇಕು. ಅದು ಆಗದ ಮಾತಲ್ಲ. ಗುಜರಾತದ ಕಚ್ಛಿನಲ್ಲಿ ಒಂಟೆ ಸಾಕುವವರ ಹಾಲನ್ನು ಸಹಕಾರಿ ಡೈರಿ ಕೊಳ್ಳತೊಡಗಿ, 2019ರಲ್ಲಿ ಅಮುಲ್ ಅದನ್ನು ಬಾಟಲಿಯಲ್ಲಿ ಪೇಟೆಗೆ ತಂದಿತು. ಆಡಿನ ಹಾಲಿಗೂ ಆಹಾರ ಸುರಕ್ಷತೆಯ ನಿಯಮದಲ್ಲಿ ಪ್ರತ್ಯೇಕ ಅಳತೆ ಇದೆ.

ಈ ಚರಿತ್ರೆಯಿಂದ ನಾನು ಕೇಳುವುದು ಮೂರು. ವಾರದಲ್ಲಿ ಎರಡು ದಿನವಾದರೂ ಹೋಬಳಿಯ ಒಂದು ಡೈರಿಯಲ್ಲಿ ಆಡಿನ ಹಾಲನ್ನು ಪರೀಕ್ಷಿಸಿ ಕೊಳ್ಳಬೇಕು. ಉಳಿದ ಗಾಯರಾಣವನ್ನು ಅಳೆದು, ಕಲ್ಲು ನೆಟ್ಟು, ಜಾಲಿ-ಬನ್ನಿ-ಬೇವು-ಬಾರಿ ಹಚ್ಚಿ, ಸರದಿಯ ಮೇಲೆ ಮೇಯಲು ಬಿಡಬೇಕು. ಲಸಿಕೆಯ ಕಾರ್ಡು, ವಿಮೆ, ಆಡು ಸತ್ತರೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರ, ಇವೆಲ್ಲ ದಡ್ಡಿಯಲ್ಲಿ ದುಡಿಯುವ ಹೆಣ್ಣುಮಗಳ ಹೆಸರಿಗೆ ಬರಬೇಕು. ನಮ್ಮ ಓಣಿಯ ಹೆಂಗಸರು ಈ ಮೂರನ್ನೂ ಬರೆದು ಸಹಿ, ಹೆಬ್ಬೆಟ್ಟು ಹಾಕಿ ಬರುವ ಗ್ರಾಮಸಭೆಗೆ ಕೊಡುವವರಿದ್ದೇವೆ. ಮುಧೋಳ, ಬೀಳಗಿ, ರಬಕವಿಯ ಕಡೆ ಆಡು ಕಟ್ಟಿದ ಅಕ್ಕ-ತಂಗಿಯರೂ ತಮ್ಮ ತಮ್ಮ ಊರಿನ ಸಭೆಯಲ್ಲಿ ಇದನ್ನು ಕೇಳಿದರೆ, ನಮ್ಮ ಅತ್ತೆಯಂದಿರ ದುಡಿಮೆಗೆ ಮೊದಲ ಸಲ ಒಂದು ಖಾತೆ ತೆರೆದಂತಾಗುತ್ತದೆ.